ತಾಮ್ರದ ನೀರಿನ ಟ್ರೌಟ್

ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಹೆಯ್ಲ್ ಅಂತ ಒಂದು ಪುಟ್ಟ ನದಿ. ಆ ಸೀಮೆಯ ಸೌತ್ ಕ್ರಾಫ್ಟಿ ಎಂಬ ತವರದ ಗಣಿ 1998ರಲ್ಲೇ ಬಾಗಿಲು ಹಾಕಿತು. ಹೆಯ್ಲ್ ಸುತ್ತಲಿನ ಗಣಿಗಳಂತೂ ಅದಕ್ಕಿಂತ ಎಷ್ಟೋ ಹಿಂದೆಯೇ ನಿಂತವು. ಆದರೂ ಹಳೇ ಸುರಂಗಗಳಿಂದ ತಾಮ್ರ, ಸತು ಸೋರಿ ಹೊಳೆ ಸೇರುತ್ತಲೇ ಇವೆ.

ಮೀನಿಗೆ ಮೊದಲ ಪೆಟ್ಟು ಬೀಳೋದು ಕಿವಿರಿಗೆ. ಸಿಹಿನೀರಿನ ಮೀನು ತನಗೆ ಬೇಕಾದ ಸೋಡಿಯಂ, ಕ್ಯಾಲ್ಸಿಯಂ ಅನ್ನು ಹೆಚ್ಚಾಗಿ ಕಿವಿರಿನಿಂದಲೇ ಎಳೆದುಕೊಳ್ಳಬೇಕು. ತಾಮ್ರ ಸೋಡಿಯಂನ ದಾರಿ ಕಟ್ಟುತ್ತೆ, ಸತು ಕ್ಯಾಲ್ಸಿಯಂನ ಜಾಗಕ್ಕೆ ನುಗ್ಗುತ್ತೆ. ಮೈಯೊಳಗಿನ ಉಪ್ಪು ಸೋರಿಹೋಗಿ ಮೀನು ಸಾಯುತ್ತೆ. ತಾಮ್ರ ತುಸುವೇ ಇದ್ದರೂ ಮೂಗು ಕೆಡುತ್ತೆ, ತಿನ್ನಲು ಬಂದವನ ವಾಸನೆ ಹತ್ತಲ್ಲ.

ಅಂಥ ಹೊಳೆಯಲ್ಲಿ ಬ್ರೌನ್ ಟ್ರೌಟ್ ಬದುಕಿವೆ! ಬೇರೆ ಕಡೆಯ ಟ್ರೌಟ್ ತಂದು ಬಿಟ್ಟರೆ ಉಳಿಯೋದು ಕಷ್ಟ. ಇವು ಮಾತ್ರ ಮೈಗೆ ಸೇರಿದ ಲೋಹವನ್ನು ಪ್ರೊಟೀನಿಗೆ ಕಟ್ಟಿಹಾಕಿ ಯಕೃತ್ತು, ಮೂತ್ರಪಿಂಡಗಳಲ್ಲಿ ಇಟ್ಟುಕೊಂಡು ಈಜಾಡುತ್ತವೆ. ಎಕ್ಸೆಟರ್ ವಿಶ್ವವಿದ್ಯಾಲಯದವರು ಇವುಗಳ ವಂಶವಾಹಿ ನೋಡಿದರೆ, ಶುದ್ಧ ಹೊಳೆಗಳ ಟ್ರೌಟ್‌ಗಳಿಂದ ಬೇರೆಯೇ ಆಗಿಬಿಟ್ಟಿದ್ದವು. ಬೇರ್ಪಟ್ಟ ಕಾಲ ಒಮ್ಮೆ ಮಧ್ಯಯುಗದ ತವರದ ಗಣಿಗಾರಿಕೆಗೆ, ಇನ್ನೊಮ್ಮೆ ಕೈಗಾರಿಕಾ ಕ್ರಾಂತಿಗೆ ತಾಳೆಯಾಗುತ್ತೆ.

ಇದನ್ನು ಹಿಡಿದುಕೊಂಡು 'ನೋಡಿದ್ರಾ, ಪ್ರಕೃತಿ ಹೇಗೋ ಹೊಂದಿಕೊಳ್ಳುತ್ತೆ' ಅನ್ನುವವರಿದ್ದಾರೆ. ನನಗೇನೋ ಆ ನೆಮ್ಮದಿ ಇಲ್ಲ. ತಾಳದವು ಸತ್ತು, ತಾಳಿದ ಕೆಲವೇ ಮೀನುಗಳ ಸಂತಾನ ಇದು, ವಂಶವಾಹಿ ವೈವಿಧ್ಯ ತೀರಾ ಕಮ್ಮಿ. ನಾಳೆ ನೀರು ಬಿಸಿಯಾದರೆ, ಹೊಸ ರೋಗ ಬಂದರೆ, ಇವುಗಳ ಹತ್ತಿರ ಉಳಿದಿರುವ ಬಂಡವಾಳ ಅಷ್ಟೇ.