ಕಿಂಡಿಯೊಳಗಿನ ಸಾಲು

2021ರ ಮೇ ತಿಂಗಳಲ್ಲಿ ಹೊಳಲ್ಕೆರೆಯ ನಮ್ಮ ಮನೆಯಲ್ಲಿ, ಅಣ್ಣನ ಮಂಚದ ಪಕ್ಕ, ಆಮ್ಲಜನಕದ ಯಂತ್ರವೊಂದು ಹಗಲಿರುಳು ಗುಂಯ್‌ಗುಟ್ಟುತ್ತಿತ್ತು. ಅದರೊಳಗಿದ್ದದ್ದು ಜಿಯೊಲೈಟ್ ಎಂಬ ಹರಳಿನ ಕಾಳು. ಅದರ ಸೂಕ್ಷ್ಮ ರಂಧ್ರಗಳು ಗಾಳಿಯ ಸಾರಜನಕವನ್ನು ಹಿಡಿದಿಟ್ಟು ಆಮ್ಲಜನಕವನ್ನು ಮುಂದೆ ಬಿಡುತ್ತವೆ. ಅಂದಿನಿಂದ ಇಂಥ ರಂಧ್ರಗಳ ವಿಷಯ ಎಲ್ಲಿ ಕಂಡರೂ ಓದುತ್ತೇನೆ.

ಇನ್ನೂ ಇಕ್ಕಟ್ಟಿನವೂ ಇವೆಯಂತೆ. ಅರ್ಧ ನ್ಯಾನೊಮೀಟರ್ ಅಗಲದ ಕೊಳವೆಯಲ್ಲಿ ಒಂದು ಕ್ಸೆನಾನ್ ಪರಮಾಣು ಹಿಡಿಸೀತು; ಪಕ್ಕದಲ್ಲಿ ಇನ್ನೊಂದಕ್ಕೆ ಜಾಗವಿಲ್ಲ. ದುರ್ಗದ ಕೋಟೆಯ ಓಬವ್ವನ ಕಿಂಡಿಯಲ್ಲಿ ನುಸುಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿಯೇ ಬರಬೇಕಾಗಿದ್ದರಿಂದ ಒಂದು ಒನಕೆ ಸಾಕಾಯಿತು! ಬಯಲಲ್ಲಿ ಅಲೆಯುವ ಕಣ ಎರಡರಷ್ಟು ದೂರ ಸರಿಯಲು ನಾಲ್ಕರಷ್ಟು ಹೊತ್ತು ಬೇಕು. ಹಿಂದುಮುಂದಾಗಲಾರದ ಈ ಸಾಲಿನಲ್ಲಿ ಹದಿನಾರರಷ್ಟು. ಅಣ್ಣನ ಯಂತ್ರದ ಕಾಳು ಇಷ್ಟು ಇಕ್ಕಟ್ಟಿನದಲ್ಲ, ನಮ್ಮ ಪುಣ್ಯ.

ಕಾಣದ ಈ ಸಾಲನ್ನು ಎಣಿಸುವುದು ಹೇಗೆ? ಕೊಳವೆಯ ಗೋಡೆಗೆ ಒತ್ತಿಕೊಂಡ ಕ್ಸೆನಾನ್, ಕಾಂತಕ್ಷೇತ್ರದಲ್ಲಿ, ಹೊರಗಿನ ಕ್ಸೆನಾನಿಗಿಂತ ಬೇರೆ ಶ್ರುತಿಯಲ್ಲಿ ಮಿಡಿಯುತ್ತದೆ. 2007ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ಚೆಂಗ್ ಮತ್ತು ಬೋವರ್ಸ್ ಆ ಒಳಗಿನ ಶ್ರುತಿಗೇ ಕಿವಿಗೊಟ್ಟು ಕೂತರು. ಹೊತ್ತು ಕಳೆದಂತೆ ಅದು ಏರಿದ್ದು ಬಯಲಿನ ಲೆಕ್ಕದಲ್ಲಲ್ಲ, ಕಿಂಡಿಯ ಲೆಕ್ಕದಲ್ಲಿ.