ಅತ್ತ ಮರ

ಶಾಲೆಯ ವಾರ್ಷಿಕೋತ್ಸವಗಳಿಗೆ ನಾನು ಮೂವತ್ತು ವರ್ಷಗಳ ಕಾಲ ಮಕ್ಕಳಿಂದ ನಾಟಕ ಆಡಿಸಿದ್ದೇನೆ. ಅವುಗಳ ಗುಣದೋಷಗಳನ್ನು ಕುರಿತು ಯೋಚಿಸುವಾಗಲೆಲ್ಲ 1992ರ ಒಂದು ಸಂಜೆ ನೆನಪಿಗೆ ಬರುತ್ತದೆ.

ಅಂದು ನಮ್ಮ ಮಕ್ಕಳು ಕುವೆಂಪು ಅವರ ‘ನನ್ನ ಗೋಪಾಲ’ವನ್ನು ಅಭಿನಯಿಸಿದರು. ಕಾಡುದಾರಿಯಲ್ಲಿ ಒಬ್ಬನೇ ನಡೆಯಲು ಅಂಜಿದ ಬಡ ಬಾಲಕನು ತಾಯಿಯ ಮಾತನ್ನು ನಂಬಿ ಗೋಪಾಲನನ್ನು ಕೂಗಿ ಕರೆಯುವ ಕಥೆಯದು. ಪಾತ್ರಧಾರಿಗಳು ಒಂದು ಮಾತನ್ನೂ ಮರೆಯಲಿಲ್ಲ. ಉಡುಪು, ಹಾಡು, ಶಿಸ್ತು ಎಲ್ಲವೂ ಸೊಗಸಾಗಿದ್ದವು. ಆದರೆ ಪ್ರತಿಯೊಬ್ಬನೂ ತನ್ನ ಸರದಿ ಬಂದೊಡನೆ ಧ್ವನಿವರ್ಧಕದ ಬಳಿಗೆ ಓಡಿಬಂದು, ಸಭಿಕರತ್ತ ತಿರುಗಿ ಮಾತೊಪ್ಪಿಸಿ ಹಿಂದೆ ಸರಿಯುತ್ತಿದ್ದನು. ಒಬ್ಬನ ಮಾತನ್ನು ಇನ್ನೊಬ್ಬನು ಆಲಿಸುತ್ತಿರಲಿಲ್ಲ. ಹಾಗೆ ಕಲಿಸಿದವನು ನಾನೇ.

ಹಿಂಬದಿಯಲ್ಲಿ ಕೊಂಬೆ ಹಿಡಿದು ಮರವಾಗಿ ನಿಂತಿದ್ದ ಪುಟ್ಟ ಹುಡುಗಿಯೊಬ್ಬಳು, ಬಾಲಕನ ಕೂಗನ್ನು ಕೇಳಿ ಬಿಕ್ಕಿ ಬಿಕ್ಕಿ ಅತ್ತುಬಿಟ್ಟಳು. ಸಭೆ ನಕ್ಕಿತು. ತೆರೆ ಬಿದ್ದ ಮೇಲೆ, “ಮರ ಎಲ್ಲಾದರೂ ಅಳುತ್ತದೆಯೇ?” ಎಂದು ನಾನು ಗದರಿದೆನು. “ಅವನು ಒಬ್ಬನೇ ಇದ್ದನಲ್ಲ, ಸಾರ್” ಎಂದಳು. ಮರುವರ್ಷ ಎಷ್ಟು ಕರೆದರೂ ಅವಳು ರಂಗವನ್ನೇರಲಿಲ್ಲ.

ವಿದ್ಯಾರ್ಥಿಗಳ ನಾಟಕದ ಬಲವಿರುವುದು ಕಥೆಯನ್ನು ನಿಜವೆಂದು ನಂಬುವ ಅವರ ಮನಸ್ಸಿನಲ್ಲಿ. ಅದರ ದೌರ್ಬಲ್ಯವಿರುವುದು ಬಹುಮಾನ, ಚಪ್ಪಾಳೆಗಳ ಆಸೆಗೆ ಆ ಮನಸ್ಸನ್ನು ಅದುಮುವ ನನ್ನಂತಹ ಹಿರಿಯರಲ್ಲಿ. ಮರ ಅಳಬಾರದೆಂಬುದನ್ನು ಮೆಲ್ಲಗೆ ತಿಳಿಸಬಹುದಾಗಿತ್ತು. ಆದರೆ ಪರರ ದುಃಖಕ್ಕೆ ಕಿವಿಗೊಡುವುದನ್ನು ಕಲಿಸುವುದು ಅಷ್ಟು ಸುಲಭವಲ್ಲ. ಅದು ಅವಳಿಗೆ ಮೊದಲೇ ಬಂದಿತ್ತು. ನೀವು ರಂಗವೇರಿದಾಗ ನಿಮ್ಮ ಮಾತನ್ನು ಆಡುವ ಮೊದಲು ಜೊತೆಯವನ ಮಾತನ್ನು ಆಲಿಸಿರಿ.