ಕುಲುಮೆಯ ಮಾತು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಹುಡುಗರು ಎಸ್ಸೆಸ್ಸೆಲ್ಸಿ ಮುಗಿಸಿ ಧಾರವಾಡದ ಎನ್‌ಟಿಟಿಎಫ್‌ಗೋ ಬೆಳಗಾವಿಯ ಜಿಟಿಟಿಸಿಗೋ ಹೋಗುವುದುಂಟು. ಮೊದಲನೆಯದು 1959ರಲ್ಲಿ ಕೇರಳದ ನೆಟ್ಟೂರಿನಲ್ಲಿ ಸ್ವಿಟ್ಜರ್ಲೆಂಡಿನವರ ನೆರವಿನಿಂದ ಹುಟ್ಟಿದ ಸಂಸ್ಥೆ. ಎರಡನೆಯದು 1972ರಲ್ಲಿ ಡೆನ್ಮಾರ್ಕ್ ಸರಕಾರದ ಸಹಕಾರದಿಂದ ಬೆಂಗಳೂರಿನಲ್ಲಿ ಆರಂಭವಾದದ್ದು. ಪರದೇಶದವರೂ ನಮ್ಮವರೂ ಕೂಡಿ ಬೆಳೆಸಿದ ಪಾಠವಿದು: ಯಂತ್ರದ ಮುಂದೆ ನಿಂತು ಕೈಯಿಂದ ಮಾಡಿಯೇ ಕಲಿಯಬೇಕು. ಒಳ್ಳೆಯ ಕ್ರಮವೇ.

ಆದರೆ ಪಾಠ ರಚಿಸುವ ಇಂತಹ ಕೂಟಗಳಿಗೆ ನಮ್ಮ ಕಮ್ಮಾರರನ್ನು ಯಾರೂ ಕರೆದಿರಲಾರರು ಎಂಬುದು ನನ್ನ ಗುಮಾನಿ. ತಾಂತ್ರಿಕ ತರಬೇತಿಗೆ ಸೇರಿದ್ದ ಶಿಷ್ಯನೊಬ್ಬ, ಕುಲುಮೆಯ ಮನೆಯವನು, ರಜೆಯಲ್ಲಿ ಬಂದು, ‘ಟೆಂಪರಿಂಗ್ ಪಾಠ ತಿಳಿಯಂಗಿಲ್ರಿ ಸರ್’ ಎಂದ. ಪುಸ್ತಕದ ಇಂಗ್ಲಿಷ್ ವಿವರಣೆಯನ್ನು ಕನ್ನಡದಲ್ಲಿ ಹೇಳಿದೆ. ಕೇಳುತ್ತಿದ್ದ ಅವನಪ್ಪ, ‘ಕುಡಗೋಲಿಗೆ ಹದಾ ಕೊಡೂದಲ್ಲೇನೋ ಅದು?’ ಎಂದ. ಹುಡುಗನ ಮುಖ ಅರಳಿತು. ಪುಸ್ತಕದ ಅಂಚಿನಲ್ಲಿ ‘ಹದ’ ಎಂದು ಬರೆದುಕೊಂಡ.